ಡ್ರೈವ್‌ಗೆ ಹಾಕಿದ 14 ಕ್ಯಾಸೆಟ್ ಫೋನ್‌ನಲ್ಲಿ ಇಲ್ಲ: ಆರ್‌ಕ್ಲೋನ್ ಮೌಂಟ್ ಸಮಸ್ಯೆ

ನೀರ್ಚಾಲು ಕ್ಯಾಸೆಟ್:
ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಮೇಷ್ಟ್ರು, ಲಿನಕ್ಸ್ ಮಿಂಟ್‌ಗೆ ಬಂದು ಎರಡು ವರ್ಷ. ಅಟ್ಟದಲ್ಲಿ ಹಳೇ ತಾಳಮದ್ದಳೆ ಕ್ಯಾಸೆಟ್‌ಗಳಿವೆ. ಪೂರ್ತಿ ಬೂಷ್ಟು ಹಿಡಿಯುವ ಮೊದಲು ಒಂದೊಂದನ್ನೇ ಅಡಾಸಿಟಿ ಎಂಬ ರೆಕಾರ್ಡಿಂಗ್ ತಂತ್ರಾಂಶದಲ್ಲಿ ತುಂಬಿಸಿಕೊಳ್ಳುತ್ತಿದ್ದೇನೆ. ಪತ್ತನಾಜೆ (ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಆಟವೂ ಇಲ್ಲ, ಬೇರೆ ಕೆಲಸವೂ ಇಲ್ಲ.

ಗೂಗಲ್ ಡ್ರೈವ್ ಅನ್ನು ಆರ್‌ಕ್ಲೋನ್ ಎಂಬ ತಂತ್ರಾಂಶದಿಂದ ಮನೆ ಫೋಲ್ಡರ್‌ನ ಒಳಗೆ 'ಡ್ರೈವ್' ಅಂತ ಮೌಂಟ್ ಮಾಡಿದ್ದೇನೆ, ಅಂದರೆ ಲ್ಯಾಪ್‌ಟಾಪ್‌ನದೇ ಫೋಲ್ಡರ್‌ನಂತೆ ಕಾಣುವ ಹಾಗೆ ಜೋಡಿಸಿದ್ದೇನೆ. ಅಡಾಸಿಟಿಯಿಂದ ವೇವ್ ಫೈಲ್ ನೇರ ಅಲ್ಲಿಗೇ ಎಕ್ಸ್‌ಪೋರ್ಟ್. ಹೋದ ವಾರ 14 ಕ್ಯಾಸೆಟ್ ಮುಗಿಸಿದೆ. ಇವತ್ತು ಫೋನ್‌ನಲ್ಲಿ ನೋಡಿದರೆ ಒಂದೂ ಇಲ್ಲ. ಲ್ಯಾಪ್‌ಟಾಪ್‌ನ ಡ್ರೈವ್ ಫೋಲ್ಡರ್‌ನಲ್ಲಿ ಕೊನೆಯ ಮೂರು ಕಾಣುತ್ತವೆ, 11 ಇಲ್ಲ. ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ, 100 ಜಿಬಿಯ ಯೋಜನೆ.

ಇನ್ನೊಂದು ವಿಷಯ. ಮೊನ್ನೆ ಮೌಂಟ್ ಆಗದೆ 'ಫೋಲ್ಡರ್ ಖಾಲಿ ಇಲ್ಲ' ಎಂಬ ಅರ್ಥದ ಎರರ್ ಬಂತು. ಎಲ್ಲೋ ಓದಿ 'ಅಲೋ ನಾನ್ ಎಂಪ್ಟಿ' ಎಂಬ ಆಯ್ಕೆ ಸೇರಿಸಿದೆ. ಆಮೇಲೆ ಸರಿಯಾಯಿತು ಅಂದುಕೊಂಡೆ.

ಮುಳ್ಳೇರಿಯ ಹುಡುಗ:
ಕ್ಯಾಶ್ (ಫೈಲ್‌ಗಳನ್ನು ತಾತ್ಕಾಲಿಕವಾಗಿ ಇಡುವ ಜಾಗ) ಕೆಟ್ಟಿರಬೇಕು ಮಾಷ್ಟ್ರೇ. ಮನೆ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ಕ್ಯಾಶ್ ಫೋಲ್ಡರ್ ಇದೆಯಲ್ಲ, ಅದರೊಳಗಿನ ಆರ್‌ಕ್ಲೋನ್ ಅನ್ನು ಅಳಿಸಿ ರೀಸ್ಟಾರ್ಟ್ ಮಾಡಿ. ನಾನು ಯಾವಾಗಲೂ ಹಾಗೇ ಮಾಡುವುದು.

ಕುಂಬಳೆ ಪೆಂಗ್ವಿನ್:
ಮಾಷ್ಟ್ರೇ, ದಮ್ಮಯ್ಯ, ಅದನ್ನು ಅಳಿಸಬೇಡಿ! ಕಾಣುವ ಆ ಮೂರು ಫೈಲ್ ಇರುವುದೇ ಅದರೊಳಗೆ ಇರಬಹುದು. ಮೊದಲು ಮೂರು ವಿಷಯ ಹೇಳಿ. ಆರ್‌ಕ್ಲೋನ್‌ಗೆ ವಿಎಫ್‌ಎಸ್ ಕ್ಯಾಶ್ ಮೋಡ್ (ಕ್ಯಾಶ್ ಹೇಗೆ ಬಳಸಬೇಕೆಂಬ ಆಯ್ಕೆ) ಏನು ಹಾಕಿದ್ದೀರಿ? ಲ್ಯಾಪ್‌ಟಾಪ್‌ನ ಡಿಸ್ಕ್‌ನಲ್ಲಿ ಜಾಗ ಎಷ್ಟು ಕಮ್ಮಿಯಾಗಿದೆ? ಜರ್ನಲ್‌ಸಿಟಿಎಲ್ ಕಮಾಂಡ್ ಕೊಟ್ಟರೆ, ಹಿನ್ನೆಲೆಯಲ್ಲಿ ಮೌಂಟ್ ಮಾಡುವ ಸರ್ವಿಸ್‌ನ ಲಾಗ್ (ದಾಖಲೆ) ಏನನ್ನುತ್ತದೆ?

ನೀರ್ಚಾಲು ಕ್ಯಾಸೆಟ್:
ಮೋಡ್ 'ರೈಟ್ಸ್'. ಡಿಸ್ಕ್‌ನಲ್ಲಿ ಹತ್ತಿರ ಹತ್ತಿರ 13 ಜಿಬಿ ಹೋಗಿದೆ. ಫೈಲೂ ಇಲ್ಲ, ಜಾಗವೂ ಇಲ್ಲ! ಲಾಗ್‌ನಲ್ಲಿ ನಾಲ್ಕು ದಿನ ಬೆಳಿಗ್ಗೆ 'ನೋ ಸಚ್ ಹೋಸ್ಟ್' (ಸರ್ವರ್ ಸಿಗಲಿಲ್ಲ) ಅಂತ ಇದೆ. ಆ ದಿನಗಳಲ್ಲಿ ಸಿಡಿಲು, ಮಳೆ. ಕರೆಂಟ್ ಇಲ್ಲದೆ ಮೋಡೆಮ್ ಬಂದ್, ಲ್ಯಾಪ್‌ಟಾಪ್ ಮಾತ್ರ ಬ್ಯಾಟರಿಯಲ್ಲಿ.

ಕುಂಬಳೆ ಪೆಂಗ್ವಿನ್:
ಹಾಗಾದರೆ ಫೈಲ್ ಎಲ್ಲೂ ಹೋಗಿಲ್ಲ. 90 ನಿಮಿಷದ ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್ ಆದರೆ ಸುಮಾರು 950 ಎಂಬಿ. 14ಕ್ಕೆ ಲೆಕ್ಕ ಹಾಕಿ, 13 ಜಿಬಿ ಚಿಲ್ಲರೆ. ನಿಮ್ಮ ಡಿಸ್ಕ್‌ನಲ್ಲೇ ಕೂತಿವೆ.

ಆದದ್ದು ಹೀಗೆ. ಮೌಂಟ್ ಆಗದೆ ಇದ್ದಾಗ 'ಡ್ರೈವ್' ಎನ್ನುವುದು ಬರೀ ಒಂದು ಸಾಮಾನ್ಯ ಫೋಲ್ಡರ್. ಅಡಾಸಿಟಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಿಗ್ಗೆ ನೆಟ್ ಇರಲಿಲ್ಲ, ಆರ್‌ಕ್ಲೋನ್ ಸೋತು ಕೂತಿತು, ನೀವು 11 ಕ್ಯಾಸೆಟ್ ಲ್ಯಾಪ್‌ಟಾಪ್ ಡಿಸ್ಕ್‌ಗೇ ತುಂಬಿಸಿದಿರಿ. ಆಮೇಲೆ ನೆಟ್ ಬಂದಾಗ ಆರ್‌ಕ್ಲೋನ್ 'ಇಲ್ಲಿ ಏನೋ ಇದೆ, ನಾನು ಮೇಲೆ ಕೂರುವುದಿಲ್ಲ' ಅಂದಿತು. ಒಳ್ಳೆಯ ಬುದ್ಧಿ ಅದು. ನೀವು ಒತ್ತಾಯ ಮಾಡಿ ಕೂರಿಸಿದಿರಿ. ಅಂಗಳದಲ್ಲಿ ಹರವಿದ ಅಡಿಕೆಗೆ ಟರ್ಪಾಲು ಎಳೆದ ಹಾಗೆ. ಅಡಿಕೆ ಅಲ್ಲೇ ಇದೆ, ಕಾಣುವುದು ಟರ್ಪಾಲು.

ಉಳಿದ ಮೂರು ಮೌಂಟ್ ಆದ ಮೇಲೆ ಹಾಕಿದವು. 'ರೈಟ್ಸ್' ಮೋಡ್‌ನಲ್ಲಿ ಫೈಲ್ ಮೊದಲು ಕ್ಯಾಶ್‌ಗೆ ಬರುತ್ತದೆ, ಮುಚ್ಚಿದ ಐದು ಸೆಕೆಂಡ್ ಬಿಟ್ಟು ಅಪ್‌ಲೋಡ್ ಶುರು. ನೆಟ್ ಕಡಿದರೆ ಮತ್ತೆ ಮತ್ತೆ ಪ್ರಯತ್ನ ಮಾಡುತ್ತದೆ. ಮಧ್ಯೆ ಲ್ಯಾಪ್‌ಟಾಪ್ ಆರಿದರೂ ಅದೇ ಆಯ್ಕೆಗಳ ಜೊತೆ ಮತ್ತೆ ಶುರು ಮಾಡಿದರೆ ಉಳಿದದ್ದನ್ನು ಕಳಿಸುತ್ತದೆ. ಅದಕ್ಕೇ ಅಳಿಸಬೇಡಿ ಅಂದದ್ದು.

ಈಗ ಸರ್ವಿಸ್ ನಿಲ್ಲಿಸಿ. ಟರ್ಮಿನಲ್‌ನಲ್ಲಿ 'ಫೈಂಡ್‌ಎಂಎನ್‌ಟಿ' ಕಮಾಂಡ್ ಕೊಟ್ಟು ಮೌಂಟ್ ಬಿಟ್ಟಿದೆಯಾ ನೋಡಿ. ಬಿಟ್ಟಿಲ್ಲದಿದ್ದರೆ 'ಫ್ಯೂಸರ್‌ಮೌಂಟ್ -ಯು' ಕೊಟ್ಟು ಫೋಲ್ಡರ್ ಹೆಸರು. (ಕನ್ನಡದಲ್ಲಿ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು ಮತ್ತೆ!) ಆಮೇಲೆ ಡ್ರೈವ್ ಫೋಲ್ಡರ್ ತೆರೆಯಿರಿ.

ನೀರ್ಚಾಲು ಕ್ಯಾಸೆಟ್:
ಅಬ್ಬಾ! 11ಕ್ಕೆ 11 ಇವೆ. ಬೇರೆ ಫೋಲ್ಡರ್‌ಗೆ ಸಾಗಿಸಿದೆ. 'ಅಲೋ ನಾನ್ ಎಂಪ್ಟಿ' ತೆಗೆದು ಮತ್ತೆ ಮೌಂಟ್ ಮಾಡಿದೆ, ತಕರಾರಿಲ್ಲ. ಮೂರು ಫೈಲ್ ಈಗ ಮೇಲೆ ಹೋಗುತ್ತಿವೆ. ಇನ್ನು ಹೀಗಾಗದಂತೆ ಏನು ಮಾಡಲಿ?

ಪಯಸ್ವಿನಿ:
ಮಾಷ್ಟ್ರೇ, ಮೌಂಟ್ ಬಿಟ್ಟಿರುವಾಗ ಆ ಖಾಲಿ ಫೋಲ್ಡರ್‌ಗೆ 'ಚಾಟ್ರ್ +ಐ' ಕೊಡಿ. ಆಮೇಲೆ ಯಾರೂ ಅದರೊಳಗೆ ಬರೆಯಲು ಆಗುವುದಿಲ್ಲ. ನನ್ನ ಆಫೀಸ್ ಸರ್ವರ್‌ನಲ್ಲಿ ಹಾಗೇ ಇದೆ.

ನೀರ್ಚಾಲು ಕ್ಯಾಸೆಟ್:
ಕೊಟ್ಟೆ ಅಕ್ಕ. ಈಗ ಮೌಂಟೇ ಆಗುವುದಿಲ್ಲ. ಮೌಂಟ್‌ಪಾಯಿಂಟ್‌ಗೆ ಬರೆಯುವ ಅನುಮತಿ ಇಲ್ಲವಂತೆ.

ಕುಂಬಳೆ ಪೆಂಗ್ವಿನ್:
ಅಕ್ಕನ ಸರ್ವರ್‌ನಲ್ಲಿ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಮೌಂಟ್ ಮಾಡುತ್ತಿರಬೇಕು, ಅಲ್ಲಿ ನಡೆಯುತ್ತದೆ. ಸಾಮಾನ್ಯ ಬಳಕೆದಾರ ಮೌಂಟ್ ಮಾಡುವಾಗ ಆ ಫೋಲ್ಡರ್‌ಗೆ ಬರೆಯುವ ಹಕ್ಕು ಇದೆಯಾ ಅಂತ ಫ್ಯೂಸರ್‌ಮೌಂಟ್ ಮೊದಲೇ ನೋಡುತ್ತದೆ. 'ಚಾಟ್ರ್ -ಐ' ಕೊಟ್ಟು ಬಿಡಿಸಿ.

ಸರ್ವಿಸ್ ಫೈಲ್‌ನಲ್ಲಿ 'ರೀಸ್ಟಾರ್ಟ್' ಎಂಬುದಕ್ಕೆ 'ಆನ್ ಫೇಲ್ಯೂರ್', 'ರೀಸ್ಟಾರ್ಟ್ ಸೆಕ್'‌ಗೆ 30 ಹಾಕಿ. ನೆಟ್ ಬಂದ ಮೇಲೆ ತಾನೇ ಏಳುತ್ತದೆ. ಅಡಾಸಿಟಿ ತೆರೆಯಲು ಎರಡು ಸಾಲಿನ ಸ್ಕ್ರಿಪ್ಟ್ ಮಾಡಿ. 'ಮೌಂಟ್‌ಪಾಯಿಂಟ್ -ಕ್ಯೂ' ಹೌದು ಅಂದರೆ ಮಾತ್ರ ಅಡಾಸಿಟಿ, ಇಲ್ಲದಿದ್ದರೆ ಒಂದು ಎಚ್ಚರಿಕೆ.

ನನ್ನನ್ನು ಕೇಳಿದರೆ ಅದೂ ಬೇಡ. ನಮ್ಮ ಕಡೆಯ ಮಳೆಗಾಲ ನಂಬಿ ಮೌಂಟ್‌ಗೆ ನೇರ ರೆಕಾರ್ಡಿಂಗ್ ಹಾಕುವುದು ಬೇಡ. ಡಿಸ್ಕ್‌ನಲ್ಲೇ ಉಳಿಸಿ, ಫ್ಲ್ಯಾಕ್ (ಗುಣಮಟ್ಟ ಕೆಡದೆ ಗಾತ್ರ ಕುಗ್ಗಿಸುವ ಆಡಿಯೋ ಫೈಲ್) ಮಾಡಿ, ರಾತ್ರಿ 'ಆರ್‌ಕ್ಲೋನ್ ಕಾಪಿ' ಬಿಡಿ. ಬೆಳಿಗ್ಗೆ 'ಆರ್‌ಕ್ಲೋನ್ ಚೆಕ್' ಓಡಿಸಿದರೆ ಎರಡೂ ಕಡೆ ತಾಳೆ ನೋಡಿ ಹೇಳುತ್ತದೆ. ಮೌಂಟ್ ಕೇಳಲಿಕ್ಕೆ, ಹುಡುಕಲಿಕ್ಕೆ ಇರಲಿ.

ಮುಳ್ಳೇರಿಯ ಹುಡುಗ:
ನಾನು ಇಷ್ಟು ದಿನ ಕ್ಯಾಶ್ ಅಳಿಸಿ ಏನೇನು ಕಳಕೊಂಡಿದ್ದೇನೋ ದೇವರೇ ಬಲ್ಲ.

ನೀರ್ಚಾಲು ಕ್ಯಾಸೆಟ್:
ಕಾಪಿಯೇ ಸರಿ ಕಾಣುತ್ತದೆ. ಕೊನೆಯದಾಗಿ ಒಂದು ಪ್ರಶ್ನೆ. ಇವತ್ತು ಒಂದು ಫೈಲ್ ಡಿಸ್ಕ್‌ಗೇ ಸೇವ್ ಆಗಲಿಲ್ಲ, 'ಫೈಲ್ ನೇಮ್ ಟೂ ಲಾಂಗ್' ಅಂತೆ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ಇಸವಿ ಎಲ್ಲ ಕನ್ನಡದಲ್ಲಿ ಬರೆದಿದ್ದೆ. 100 ಅಕ್ಷರವೂ ಇರಲಿಕ್ಕಿಲ್ಲ.

ಪಯಸ್ವಿನಿ:
ಲಿನಕ್ಸ್‌ನ ಎಕ್ಸ್‌ಟಿ4 (ಫೈಲ್ ಜೋಡಿಸಿಡುವ ಪದ್ಧತಿ) ಡಿಸ್ಕ್‌ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡಕ್ಕೆ ಮೂರು. ಅದೂ ಒತ್ತು, ಗುಣಿತದ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. 'ಲಕ್ಷ್ಮೀ' ಅಂತ ಬರೆದರೆ 'ಕ್ಷ್ಮೀ' ಒಂದೇ 18 ಬೈಟ್ ತಿನ್ನುತ್ತದೆ. ಹೆಸರಿನಲ್ಲಿ ಪ್ರಸಂಗ, ಇಸವಿ ಸಾಕು. ಅರ್ಥಧಾರಿಗಳನ್ನು ಫ್ಲ್ಯಾಕ್‌ನ ಟ್ಯಾಗ್‌ಗೆ (ಫೈಲ್‌ನ ಒಳಗೇ ವಿವರ ಬರೆಯುವ ಜಾಗ) ಹಾಕಿ, ಅಲ್ಲಿ ಈ ಮಿತಿ ಇಲ್ಲ.

ನೀರ್ಚಾಲು ಕ್ಯಾಸೆಟ್:
ಸೇವ್ ಆಯಿತು ಅಕ್ಕ. ರಾತ್ರಿ ಕರೆಂಟ್ ಇದ್ದರೆ ಎಲ್ಲ ಒಟ್ಟಿಗೆ ಕಳಿಸುತ್ತೇನೆ.