ನೆರೆ ಸಂತ್ರಸ್ತರಿಗಾಗಿ ಕಲಬುರಗಿಯಲ್ಲಿ ಓಟ ಇಡಬೇಕು ಅಂತಿದ್ದೇವೆ, ಏನೇನು ನೋಡಿಕೊಳ್ಳಬೇಕು?

ಸೇಡಂ ರಸ್ತೆ:

ನಮಸ್ಕಾರ. ನಾವು ಕಲಬುರಗಿಯಲ್ಲಿ ದಿನಾ ಬೆಳಿಗ್ಗೆ ಒಟ್ಟಿಗೆ ಓಡುವ ಗೆಳೆಯರ ಗುಂಪು. ಬ್ಯಾಂಕಿನವರಿದ್ದಾರೆ, ಇಬ್ಬರು ನರ್ಸ್ ಇದ್ದಾರೆ, ಪಿಯುಸಿ ಹುಡುಗರೂ ಇದ್ದಾರೆ. 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಉಕ್ಕಿ ಬಂದಾಗ ನಮ್ಮವರು ಮನೆಮನೆಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಚಾದರ ಕೂಡಿಸಿಕೊಂಡು ಅಫಜಲಪುರ, ಜೇವರ್ಗಿ ಕಡೆಯ ಕಾಳಜಿ ಕೇಂದ್ರಗಳಿಗೆ ಮುಟ್ಟಿಸಿ ಬಂದರು. ಆಗ ಕೇಳಿದವರೆಲ್ಲ ಕೊಟ್ಟರು, ಟೆಂಪೋ ಸಾಲದಷ್ಟು ಬಂತು. ಆದರೆ ನೀರು ಇಳಿದು ಜನ ಊರಿಗೆ ವಾಪಸ್ ಹೋದ ಮೇಲೆ ಅವರನ್ನು ಕೇಳುವವರೇ ಇಲ್ಲ.

ಮೊನ್ನೆ ಹೊಳೆ ದಂಡೆಯ ಒಂದು ಊರಿಗೆ ಹೋಗಿದ್ದೆವು. ಒಬ್ಬ ರೈತರು ತಮ್ಮ ಮೋಟಾರಿನ ಸ್ಟಾರ್ಟರ್ ಡಬ್ಬಿ ಬಿಚ್ಚಿ ತೋರಿಸಿದರು. ಒಳಗೆ ರೇವೆ ಮಣ್ಣು ಗಟ್ಟಿಯಾಗಿ ಕೂತು ವೈರ್ ಕೂಡ ಕಾಣುತ್ತಿರಲಿಲ್ಲ, ಚಾಕುವಿನಿಂದ ಕೆರೆದು ತೆಗೆಯುತ್ತಿದ್ದರು. ಪಕ್ಕದ ಹೊಲದಲ್ಲಿ ತೊಗರಿ ನಿಂತೇ ಇದೆ, ದೂರದಿಂದ ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ, ಆದರೆ ಗಿಡ ಹಿಡಿದು ಎಳೆದರೆ ಸುಮ್ನೆ ಕೈಗೆ ಬರುತ್ತದೆ, ಬೇರು ಕಪ್ಪಾಗಿ ಕೊಳೆತಿದೆ.

ಹಾಗಾಗಿ ಜನವರಿಯಲ್ಲಿ ಒಂದು ಭಾನುವಾರ ಓಟ ಇಟ್ಟು ದುಡ್ಡು ಕೂಡಿಸೋಣ ಅಂತ ಮಾತಾಡಿಕೊಂಡಿದ್ದೇವೆ. 5 ಕಿ.ಮೀ. ಮತ್ತು 10 ಕಿ.ಮೀ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಿಂದ ಹೊರಟು ಜಗತ್ ವೃತ್ತ, ಶರಣಬಸವೇಶ್ವರ ಕೆರೆ ಕಡೆ ಹೋಗಿ ಬರುವ ಯೋಚನೆ. ಸುಮಾರು 400 ಜನ ಬಂದರೆ ನಮಗೆ ಬಹಳ ಆಯಿತು. ಪ್ರವೇಶ ಶುಲ್ಕ ಎಷ್ಟಿಡಬೇಕು, ಪರವಾನಗಿ ಯಾರ ಹತ್ತಿರ ತಗೊಳ್ಳಬೇಕು, ಬಂದ ದುಡ್ಡು ಯಾರಿಗೆ ಕೊಟ್ಟರೆ ಸರಿ? ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಭೀಮಾ ದಂಡೆ:

ನಾನು ಜೇವರ್ಗಿ ತಾಲೂಕಿನವನು. ನಿಮ್ಮ ಕಾಳಜಿಗೆ ಮೊದಲು ಶರಣು. ಒಂದು ಮಾತು ನೇರವಾಗಿ ಕೇಳುತ್ತೇನೆ, ಬೇಜಾರಾಗಬೇಡಿ. ಓಟ ಯಾಕೆ? ಶಾಮಿಯಾನ, ಮೈಕು, ಮೆಡಲ್ ಅಂತ ಖರ್ಚು ಮಾಡಿ ಉಳಿದದ್ದನ್ನು ಕೊಡುವ ಬದಲು ನೀವೇ 400 ಜನ 500 ರೂಪಾಯಿ ಹಾಕಿದರೆ 2 ಲಕ್ಷ ಆಗುತ್ತದಲ್ಲ?

ಓಟ ಇಡಲೇಬೇಕು ಅಂದರೆ, ದುಡ್ಡು ಯಾರಿಗೆ, ಯಾವುದಕ್ಕೆ ಅನ್ನೋದು ಮೊದಲು ಗಟ್ಟಿ ಮಾಡಿ. ಓಟದ ದಾರಿ ಆಮೇಲೆ ನೋಡಿದರಾಯಿತು. ನಮ್ಮ ಕಡೆ ಪರಿಸ್ಥಿತಿ ಹೇಗಿದೆ ಅಂದರೆ, ಮಳೆಯಾಶ್ರಿತ ಬೆಳೆ ಹಾಳಾದರೆ ವಿಪತ್ತು ನಿಧಿಯ ನಿಯಮದ ಪ್ರಕಾರ ಹೆಕ್ಟೇರಿಗೆ 8,500 ರೂಪಾಯಿ. ಈ ಸಲ ರಾಜ್ಯ ಸರ್ಕಾರ ಇನ್ನೂ 8,500 ಸೇರಿಸಿ 17,000 ಮಾಡಿತು. ಅದೂ 2 ಹೆಕ್ಟೇರ್ ತನಕ, ಅಂದರೆ ಐದು ಎಕರೆಗೆ. ಸರಿ, ಏನೋ ಬಂತು. ಆದರೆ ಆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಲಾವಣಿಗೆ, ಅಂದರೆ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಮಾಡಿದವರಿಗೆ ಏನೂ ಇಲ್ಲ. ಬೀಜ, ಗೊಬ್ಬರ, ಕೀಟನಾಶಕ ಹೊಡೆದದ್ದು, ಕಳೆ ತೆಗೆಸಿದ್ದು ಎಲ್ಲ ಅವರದೇ ಕೈಯಿಂದ ಹೋಗಿದೆ, ಲಾವಣಿ ರೊಕ್ಕ ಮುಂಗಡವೇ ಕೊಟ್ಟಿರುತ್ತಾರೆ. ಹೊಲದ ಮಾಲೀಕರು ಒಳ್ಳೆಯವರಿದ್ದರೆ ಪರಿಹಾರದಲ್ಲಿ ಪಾಲು ಕೊಡುತ್ತಾರೆ. ಎಲ್ಲ ಕಡೆ ಹಾಗೆ ಆಗುವುದಿಲ್ಲ. ಕೂಲಿಯವರ ಕಥೆ ಇನ್ನೂ ಕಷ್ಟ. ತೊಗರಿ ಬಿಡಿಸುವ ಕೆಲಸವೇ ಇಲ್ಲ ಅಂದ ಮೇಲೆ ಡಿಸೆಂಬರ್, ಜನವರಿಯ ಕೂಲಿ ಎಲ್ಲಿಂದ ಬರಬೇಕು? ಮನೆಗೆ ಬೀಗ ಹಾಕಿ ಪುಣೆ, ಹೈದರಾಬಾದ್ ಕಡೆ ಹೊರಡುತ್ತಾರೆ.

ಇನ್ನೊಂದು. ಜನವರಿಯಲ್ಲಿ ಬೀಜ ಹಂಚಲು ಬರಬೇಡಿ. ಬಿಳಿಜೋಳ, ಕಡಲೆ ಬಿತ್ತುವ ಹೊತ್ತು ಆಗಲೇ ಮುಗಿದಿರುತ್ತದೆ. ಆಗ ಕೊಟ್ಟ ಬೀಜ ಮೂಲೆಯಲ್ಲಿ ಕೂರುತ್ತದೆ ಅಥವಾ ಹುಳ ತಿನ್ನುತ್ತದೆ. ಕೆಟ್ಟ ಮೋಟಾರುಗಳಿಗೆ ತಂತಿ ಸುತ್ತಿಸಿ ರಿಪೇರಿ ಮಾಡಿಸಿಕೊಡಿ, ಇಲ್ಲದಿದ್ದರೆ ದುಡ್ಡು ಇಟ್ಟುಕೊಂಡು ಜೂನ್ ಮುಂಗಾರಿಗೆ ಬೀಜ, ಗೊಬ್ಬರ ಕೊಡಿ.

ಲೆಕ್ಕದ ಅಕ್ಕ:

ಭೀಮಾ ದಂಡೆ ಅಣ್ಣ ಹೇಳಿದ್ದು ಸರಿ ಇದೆ, ಆದರೆ ಓಟ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. 500 ರೂಪಾಯಿ ಕೊಡುವ 400 ಜನರನ್ನು ಹುಡುಕುವುದೇ ಕಷ್ಟ ಅಲ್ವಾ, ಅವರನ್ನು ಒಂದು ಕಡೆ ಸೇರಿಸಲಿಕ್ಕೆ ಏನಾದರೂ ಬೇಕು. ಓಟಕ್ಕೆ ಬಂದವರು ಮನೆಯಲ್ಲಿ ಹೇಳುತ್ತಾರೆ, ಆಫೀಸಿನಲ್ಲಿ ಹೇಳುತ್ತಾರೆ. ಟಿವಿಯವರು ಭೀಮೆಯನ್ನು ಮರೆತ ಮೇಲೆ ಊರಲ್ಲಿ ಮತ್ತೆ ಆ ಮಾತು ಏಳಲಿ ಅನ್ನುವುದಕ್ಕಾದರೂ ಓಟ ಬೇಕು.

ನಾನು ಲೆಕ್ಕಪತ್ರದ ಕೆಲಸದಲ್ಲಿದ್ದೇನೆ, ಹಾಗಾಗಿ ದುಡ್ಡಿನ ಬಗ್ಗೆ ಹೇಳುತ್ತೇನೆ. ಯಾರದೋ ಒಬ್ಬರ ಫೋನ್‌ಪೇ ನಂಬರ್ ಪೋಸ್ಟರಿನಲ್ಲಿ ಹಾಕಬೇಡಿ, ಆ ವ್ಯಕ್ತಿ ಎಷ್ಟೇ ಪ್ರಾಮಾಣಿಕ ಇರಲಿ. ಅವರ ಸಂಬಳ, ಮನೆ ಬಾಡಿಗೆ, ಓಟದ ದುಡ್ಡು ಒಂದೇ ಖಾತೆಯಲ್ಲಿ ಕಲೆತರೆ ಆಮೇಲೆ ಬಿಡಿಸಿ ತೋರಿಸಲು ಆಗುವುದಿಲ್ಲ. ಬೇರೆ ಊರಲ್ಲಿ ಒಂದು ಓಟಕ್ಕೆ ನಾನು ದುಡ್ಡು ಕಟ್ಟಿದ್ದೆ, ಎಷ್ಟು ಕೂಡಿತು, ಎಲ್ಲಿ ಹೋಯಿತು ಅಂತ ಇವತ್ತಿನ ತನಕ ಯಾರೂ ಹೇಳಲಿಲ್ಲ, ಮುಂದಿನ ವರ್ಷ ನಮ್ಮ ಆಫೀಸಿನಿಂದ ಒಬ್ಬರೂ ಹೋಗಲಿಲ್ಲ. ನೋಂದಣಿ ಆದ, 80ಜಿ (ದಾನ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ) ಇರುವ ಒಂದು ಸ್ಥಳೀಯ ಟ್ರಸ್ಟ್ ಜೊತೆ ಸೇರಿ ಮಾಡಿ. ದಾನ ಅವರ ಖಾತೆಗೇ ಬೀಳಲಿ, ದಾನಿಗಳಿಗೆ ಅವರೇ ದಾನದ ಪ್ರಮಾಣಪತ್ರ ಕೊಡುತ್ತಾರೆ.

ಜನ ಕೇಳುವ ಪ್ರಶ್ನೆಗಳಿಗೆ ಉತ್ತರ ಮೊದಲೇ ಇಟ್ಟುಕೊಳ್ಳಿ. ನಗದು ಕೊಟ್ಟರೆ 2,000 ರೂಪಾಯಿ ತನಕ ಮಾತ್ರ 80ಜಿ ವಿನಾಯಿತಿ, ಅದಕ್ಕಿಂತ ಜಾಸ್ತಿ ಇದ್ದರೆ ಚೆಕ್ ಅಥವಾ ಯುಪಿಐ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಸಿಗುವುದಿಲ್ಲ, ಇದನ್ನು ಮುಚ್ಚಿಡಬೇಡಿ. ಮತ್ತೆ, ಟೀ ಶರ್ಟ್, ತಿಂಡಿ ಕೊಟ್ಟು ತಗೊಂಡ ಶುಲ್ಕ ದಾನ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕೇ ಎರಡನ್ನೂ ಬೇರೆ ಇಡಿ. 200 ರೂಪಾಯಿ ಶುಲ್ಕ ಓಟದ ಖರ್ಚಿಗೆ, ದಾನ ಬೇರೆ, ಅದರಲ್ಲಿ ಒಂದು ಪೈಸೆಯೂ ಖರ್ಚಿಗೆ ಮುಟ್ಟುವುದಿಲ್ಲ ಅಂತ ಪೋಸ್ಟರಿನಲ್ಲೇ ಬರೆಯಿರಿ. ಹೀಗೆ ಹೇಳಿದರೆ ಜನ ನಂಬುತ್ತಾರೆ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡುವುದು ಸುಲಭದ ದಾರಿ. ದಾನಿಗೆ ಪೂರ್ತಿ ವಿನಾಯಿತಿ ಇದೆ, ನಿಮಗೆ ಹಂಚುವ ತಲೆನೋವಿಲ್ಲ. ಆದರೆ ಅಲ್ಲಿ ಹಾಕಿದ ಮೇಲೆ ಅದು ಲಾವಣಿ ರೈತರಿಗೇ ಹೋಗಲಿ ಅಂತ ನೀವು ಹೇಳಲು ಬರುವುದಿಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳನ್ನು ಕೇಳುವ ಮನಸ್ಸಿದ್ದರೆ ಇನ್ನೊಂದು ತಿಳಿದಿರಲಿ. ಕಂಪನಿಗಳು ಮುಖ್ಯಮಂತ್ರಿ ನಿಧಿಗೆ ಕೊಟ್ಟದ್ದು ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕಾಗಿ ಮಾಡಬೇಕಾದ ಖರ್ಚು) ಲೆಕ್ಕಕ್ಕೆ ಬರುವುದಿಲ್ಲ. ಸಿಎಸ್‌ಆರ್‌ಗೆ ನೋಂದಣಿ ಮಾಡಿಸಿದ ಟ್ರಸ್ಟ್ ಮೂಲಕ ವಿಪತ್ತು ಪರಿಹಾರಕ್ಕೆ ಕೊಟ್ಟರೆ ಬರುತ್ತದೆ. ಟ್ರಸ್ಟ್ ಆರಿಸುವಾಗ ಅದನ್ನೂ ಕೇಳಿ.

ಓಡುವ ಮೇಷ್ಟ್ರು:

ತಂಗಿ ಲೆಕ್ಕದ್ದು ಹೇಳಿದರು, ನಾನು ಮೈದಾನದ್ದು ಹೇಳುತ್ತೇನೆ. ಮಕ್ಕಳನ್ನು ಓಡಿಸುವುದೇ ನನ್ನ ಕೆಲಸ.

ಜನವರಿ ಒಳ್ಳೆಯ ಆಯ್ಕೆ. ಫೆಬ್ರುವರಿ ದಾಟಿದರೆ ನಮ್ಮೂರ ಬಿಸಿಲು ಗೊತ್ತಲ್ಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ 7 ಗಂಟೆ ಹತ್ತಿರ, ಆದ್ದರಿಂದ 5 ಗಂಟೆಗೆ ಕತ್ತಲಲ್ಲಿ ಓಡಿಸುವ ಅಗತ್ಯ ಇಲ್ಲ. 10 ಕಿ.ಮೀ. ನವರನ್ನು 6.30ಕ್ಕೆ, 5 ಕಿ.ಮೀ. ನವರನ್ನು 7ಕ್ಕೆ ಬಿಡಿ. ಬೆಳಿಗ್ಗೆ 6ರ ಒಳಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದು ಕಾನೂನು. ಡಿಜೆ ತರುತ್ತೇನೆ ಅನ್ನುವ ಹುಡುಗರಿಗೆ ಇದನ್ನು ಈಗಲೇ ಹೇಳಿಬಿಡಿ.

ಅನುಮತಿಗೆ ನಗರ ಪೊಲೀಸ್ ಆಯುಕ್ತರ ಕಚೇರಿಗೆ ಅರ್ಜಿ ಕೊಡಿ, ಸಂಚಾರ ಪೊಲೀಸರಿಗೆ ದಾರಿಯ ನಕ್ಷೆ ಸಮೇತ ಪ್ರತಿ ಕೊಡಿ, ಮಹಾನಗರ ಪಾಲಿಕೆಗೆ ಒಂದು, ಕ್ರೀಡಾಂಗಣಕ್ಕೆ ಯುವಜನ ಮತ್ತು ಕ್ರೀಡಾ ಇಲಾಖೆಗೆ ಒಂದು. ಎಲ್ಲ ಕಡೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಒಂದು ತಿಂಗಳು ಮೊದಲೇ ಶುರು ಮಾಡಿ, ಅದೇ ಭಾನುವಾರ ಬೇರೆ ಬಂದೋಬಸ್ತ್ ಇದ್ದರೆ ದಿನ ಬದಲಿಸಬೇಕಾಗುತ್ತದೆ. ಪಾಲಿಕೆಯವರಿಗೆ ಬೀದಿ ನಾಯಿ ವಿಷಯ ಮರೆಯದೆ ಹೇಳಿ. ನಸುಕಿನಲ್ಲಿ ಗುಂಪಾಗಿ ಓಡುವವರನ್ನು ಕಂಡರೆ ನಾಯಿ ಬೆನ್ನು ಹತ್ತುತ್ತವೆ, ಚಿಕ್ಕ ಮಕ್ಕಳು ಹೆದರಿ ರಸ್ತೆ ಮಧ್ಯಕ್ಕೆ ಓಡುತ್ತಾರೆ.

ಜಗತ್ ವೃತ್ತದ ದಾರಿ ನನಗೆ ಸ್ವಲ್ಪ ಅನುಮಾನ. ಆ ಹೊತ್ತಿಗೆ ತರಕಾರಿ ತುಂಬಿದ ಟಂಟಂ, ಹಾಲಿನ ಗಾಡಿ, ಬಸ್ಸು ಎಲ್ಲ ಓಡಾಡುತ್ತವೆ. 5 ಕಿ.ಮೀ. ಊರೊಳಗೆ ಇಡಿ, ಜನ ನೋಡಲಿ. 10 ಕಿ.ಮೀ. ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದೊಳಗೆ ಸಾಧ್ಯವೇ ಅಂತ ಕೇಳಿ ನೋಡಿ. ಎರಡು ಕಡೆ ಸಂಭಾಳಿಸುವಷ್ಟು ಜನ ಇಲ್ಲದಿದ್ದರೆ 10 ಬಿಟ್ಟುಬಿಡಿ. ಇದು ಪದಕದ ಓಟ ಅಲ್ಲ, 5 ಸಾಕು, ಅಜ್ಜ ಅಜ್ಜಿ ಕೂಡ ನಡೆದು ಮುಗಿಸುತ್ತಾರೆ.

ದೂರವನ್ನು ಮೊಬೈಲಿನಲ್ಲಿ ಅಳೆಯಬೇಡಿ, ಕಟ್ಟಡಗಳ ನಡುವೆ ತಪ್ಪು ತೋರಿಸುತ್ತದೆ. ಸೈಕಲ್ ಗಾಲಿಗೆ ಒಂದು ಬಣ್ಣದ ದಾರ ಕಟ್ಟಿ, ಗಾಲಿ ಒಂದು ಸುತ್ತಿಗೆ ಎಷ್ಟು ಹೋಗುತ್ತದೆ ಅಂತ ಟೇಪಿನಲ್ಲಿ ಅಳೆದು, ಸುತ್ತು ಎಣಿಸಿ. ಇಬ್ಬರು ಹುಡುಗರು ಒಂದು ಬೆಳಿಗ್ಗೆ ಮಾಡಿ ಮುಗಿಸುತ್ತಾರೆ.

ನೀರು: ಎರಡೂವರೆ ಕಿ.ಮೀ. ಗೆ ಒಂದು ಕಡೆ, ಮತ್ತೆ ಕೊನೆಯಲ್ಲಿ. ಒಬ್ಬರಿಗೆ 200 ಎಂ.ಎಲ್. ಹಿಡಿದರೆ 400 ಜನಕ್ಕೆ 80 ಲೀಟರ್, ಅಂದರೆ ನಾಲ್ಕು ಜಾರ್. ಆರು ಇಡಿ. ಬಾಟಲಿ ಹಂಚಬೇಡಿ, ಅರ್ಧ ಕುಡಿದು ಎಸೆಯುತ್ತಾರೆ. ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರ್ ಅಂತಿದ್ದರೆ ಒಂದೇ ಲೀಟರಿಗೆ ಹಾಕಿ, ಗಟ್ಟಿ ಮಾಡಿದರೆ ಒಳ್ಳೆಯದು ಅನ್ನುವುದು ತಪ್ಪು ತಿಳುವಳಿಕೆ. ಯಾರಾದರೂ ಓಡುತ್ತಾ ತಡವರಿಸಿದರೆ, ಮಾತು ಅಡ್ಡಾದಿಡ್ಡಿ ಆದರೆ ಕೂಡಲೇ ನೆರಳಿಗೆ ಮಲಗಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಹಾಕಿ, ಕುತ್ತಿಗೆ, ಕಂಕುಳಲ್ಲಿ ಐಸ್ ಇಟ್ಟು 108ಕ್ಕೆ ಫೋನ್ ಮಾಡಿ. ಎಚ್ಚರ ಪೂರ್ತಿ ಇಲ್ಲದವರ ಬಾಯಿಗೆ ನೀರು ಹಾಕಬಾರದು. ನಿಮ್ಮ ಗುಂಪಿನ ನರ್ಸ್‌ಗಳನ್ನು ಓಡಲು ಬಿಡಬೇಡಿ, ಅವರು ಆಂಬುಲೆನ್ಸ್ ಹತ್ತಿರವೇ ಇರಲಿ.

ಸೇಡಂ ರಸ್ತೆ:

ಎಲ್ಲರಿಗೂ ಧನ್ಯವಾದ, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಲಾವಣಿ ವಿಷಯ ನಮ್ಮ ತಲೆಗೇ ಬಂದಿರಲಿಲ್ಲ. ಅಣ್ಣಾ, ಹಾಗಾದರೆ ಅಂಥ ಮನೆಗಳನ್ನು ಗುರುತಿಸುವುದು ಹೇಗೆ? ಪಹಣಿಯಲ್ಲಿ ಹೆಸರಿಲ್ಲ ಅಂದರೆ ಕಾಗದ ಏನೂ ಇರುವುದಿಲ್ಲ. ಮತ್ತೆ ಟೀ ಶರ್ಟ್ ಇಲ್ಲದಿದ್ದರೆ ಜನ ಬರುವುದಿಲ್ಲ ಅಂತ ನಮ್ಮ ಹುಡುಗರ ವಾದ.

ಭೀಮಾ ದಂಡೆ:

ಕಾಗದ ಇರುವುದಿಲ್ಲ, ಆದರೆ ಊರಿಗೆಲ್ಲ ಗೊತ್ತಿರುತ್ತದೆ. ಯಾವ ಹೊಲ ಯಾರು ಮಾಡಿದ್ದಾರೆ ಅಂತ ಪಕ್ಕದ ಹೊಲದವರನ್ನು ಕೇಳಿದರೆ ಸಾಕು. ಒಬ್ಬ ಪುಢಾರಿಯ ಕೈಯಲ್ಲಿ ಪಟ್ಟಿ ಮಾಡಿಸಬೇಡಿ. ಆಶಾ ಕಾರ್ಯಕರ್ತೆ, ಶಾಲೆ ಮೇಷ್ಟ್ರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಈ ಮೂವರನ್ನು ಬೇರೆ ಬೇರೆ ಕೇಳಿ, ಮೂರೂ ಪಟ್ಟಿಯಲ್ಲಿ ಬಂದ ಹೆಸರು ಮೊದಲು ಹಿಡಿಯಿರಿ. ಆಮೇಲೆ ಪಟ್ಟಿಯನ್ನು ಗುಡಿ ಕಟ್ಟೆಯ ಮೇಲೆ ಎಲ್ಲರೆದುರು ಓದಿ. ತಪ್ಪಿದ್ದರೆ ಅಲ್ಲೇ ಹೇಳುತ್ತಾರೆ. ಹತ್ತು ಊರಿಗೆ ಸ್ವಲ್ಪ ಸ್ವಲ್ಪ ಹಂಚಬೇಡಿ, ಒಂದೇ ಊರು ಹಿಡಿದು ಪೂರ್ತಿ ಮಾಡಿ. 2020ರ ಅಕ್ಟೋಬರ್‌ನಲ್ಲೂ ಭೀಮಾ ಹೀಗೇ ಬಂದಿತ್ತು, ಆಗಲೂ ಲಾರಿಗಟ್ಟಲೆ ಬಂತು, ರಸ್ತೆ ಬದಿಯ ಊರುಗಳಿಗೆ ಎರಡೆರಡು ಸಲ ಸಿಕ್ಕಿತು, ಒಳಗಿನ ಊರುಗಳಿಗೆ ಏನೂ ಮುಟ್ಟಲಿಲ್ಲ.

ಓಟದ ಬಗ್ಗೆ ಅಕ್ಕ ಹೇಳಿದ್ದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ. ಮಾಡಿ. ನಮ್ಮೂರಿಂದ ಹುಡುಗರನ್ನು ಕರೆದುಕೊಂಡು ನಾನೂ ಬರುತ್ತೇನೆ.

ದಾಲ್ ಮಿಲ್ ಗಲ್ಲಿ:

ಟೀ ಶರ್ಟ್ ಬಿಡಿ ಸರ್. ಮನೆಯಲ್ಲಿರುವ ಬಿಳಿ ಅಂಗಿ ಹಾಕಿಕೊಂಡು ಬನ್ನಿ ಅಂದರೆ ಸಾಕು, ಎದೆ ಮೇಲೆ ನಂಬರ್ ಚೀಟಿ ಪಿನ್ ಮಾಡಿದರಾಯಿತು. ಮೆಡಲ್ ಬದಲು ಕಾಲು ಕೆಜಿ ತೊಗರಿಬೇಳೆ ಪೊಟ್ಟಣ ಕೊಡಿ. ನಮ್ಮ ಬೇಳೆಗೆ 2019ರಿಂದ ಜಿಐ ಟ್ಯಾಗ್ (ಈ ಸೀಮೆಯದೇ ಬೆಳೆ ಅನ್ನುವ ಗುರುತು) ಇದೆ, ಊರಿನ ಹೆಮ್ಮೆ ಅದು, ಮೆಡಲಿನ ಹಾಗೆ ಮೂಲೆ ಸೇರದೆ ಅಡುಗೆ ಮನೆಗೆ ಹೋಗುತ್ತದೆ. ಇಲ್ಲಿ ಮಿಲ್ಲಿನವರು ಕೊಡುತ್ತಾರೆ, ತೊಗರಿ ಬೆಳೆಯುವ ರೈತನಿಗಾಗಿ ಅಂದರೆ ಇಲ್ಲ ಅನ್ನುವುದಿಲ್ಲ, ನಾನೇ ಜೊತೆಗೆ ಬಂದು ಕೇಳುತ್ತೇನೆ. ತಿಂಡಿಗೆ ಸುಸಲಾ (ಮಂಡಕ್ಕಿ ಒಗ್ಗರಣೆ) ಮಾಡಿಸಿ, 400 ಜನಕ್ಕೆ ಅಡುಗೆಯವರು ಬೇಗ ಮಾಡಿ ಕೊಡುತ್ತಾರೆ, ಖರ್ಚೂ ಕಡಿಮೆ.

ವಡಗೇರಾ ಹುಡುಗಿ:

ಯಾದಗಿರಿ ಜಿಲ್ಲೆಯನ್ನು ಮರೆಯಬೇಡಿ ಪ್ಲೀಸ್. ನಮಗೆ ಈ ಕಡೆ ಭೀಮಾ, ಆ ಕಡೆ ಕೃಷ್ಣಾ. ಭೀಮೆಯ ಉಜನಿ ಡ್ಯಾಮಿನಿಂದ ನೀರು ಬಿಟ್ಟರೂ ನಮಗೆ, ಕೃಷ್ಣೆಯ ನಾರಾಯಣಪುರ ಡ್ಯಾಮಿನಿಂದ ಬಿಟ್ಟರೂ ನಮಗೆ. ಅದೇ ಭಾನುವಾರ, ಅದೇ ಹೊತ್ತಿಗೆ ಯಾದಗಿರಿಯಲ್ಲೂ 5 ಕಿ.ಮೀ. ಇಡೋಣವಾ? ನಮ್ಮ ಕಾಲೇಜಿನಲ್ಲಿ ಕೇಳಿದೆ, ಹುಡುಗಿಯರೇ ಜಾಸ್ತಿ ಮುಂದೆ ಬಂದಿದ್ದಾರೆ. ಒಂದೇ ಟ್ರಸ್ಟ್, ಒಂದೇ ಖಾತೆ, ಎರಡು ಊರು.

ಸೇಡಂ ರಸ್ತೆ:

ಖಂಡಿತ ಇಡೋಣ ತಂಗಿ. ಇವತ್ತು ಸಂಜೆ ಕೂತು ಇಷ್ಟು ತೀರ್ಮಾನ ಮಾಡಿದೆವು: 5 ಕಿ.ಮೀ. ಒಂದೇ, ಶುಲ್ಕ 200, ಟೀ ಶರ್ಟ್ ಇಲ್ಲ, ದಾನದ ದುಡ್ಡು ಬೇರೆ. ಯಾದಗಿರಿ ಸೇರಿದ್ದರಿಂದ ಹಿಡಿಯುವುದು ಎರಡು ಊರು, ಜೇವರ್ಗಿ ತಾಲೂಕಿನಲ್ಲಿ ಒಂದು, ವಡಗೇರಾ ತಾಲೂಕಿನಲ್ಲಿ ಒಂದು, ಅದಕ್ಕಿಂತ ಜಾಸ್ತಿ ಇಲ್ಲ. ಮೊದಲು ಮೋಟಾರ್ ರಿಪೇರಿ, ಉಳಿದದ್ದು ಜೂನ್ ತನಕ ಟ್ರಸ್ಟ್ ಖಾತೆಯಲ್ಲೇ ಇದ್ದು ಲಾವಣಿಯವರ ಬೀಜ, ಗೊಬ್ಬರಕ್ಕೆ. ಓಟ ಮುಗಿದ ವಾರದೊಳಗೆ ಜಮಾ ಖರ್ಚು ಇಲ್ಲೇ ಹಾಕುತ್ತೇವೆ. ಅಕ್ಕಾ, ಅದನ್ನು ನೀವೇ ತಪಾಸಣೆ ಮಾಡಿ ಸಹಿ ಹಾಕಬೇಕು, ಇಲ್ಲ ಅನ್ನಬೇಡಿ. ಮೇಷ್ಟ್ರೇ, ಈ ಭಾನುವಾರ 6 ಗಂಟೆಗೆ ಸೈಕಲ್ ತಗೊಂಡು ದಾರಿ ಅಳೆಯಲು ಹೊರಡುತ್ತಿದ್ದೇವೆ, ಕ್ರೀಡಾಂಗಣದ ಗೇಟಿನ ಹತ್ತಿರ ಬನ್ನಿ. ಉದ್ದ ಟೇಪ್ ಯಾರ ಹತ್ತಿರ ಇದ್ದರೂ ತನ್ನಿ.