ಚಿಕ್ಕಪ್ಪ ಹಾಕಿದ ರಾಮಾನುಜನ್ ಫಾರ್ವರ್ಡ್

ಚಿಕ್ಕಪ್ಪ, ಮಾನ್ವಿ: (ಫಾರ್ವರ್ಡ್) ಹಾಳೆಗೆ ದುಡ್ಡಿಲ್ಲದೆ ರಾಮಾನುಜನ್ ಸ್ಲೇಟಿನ ಮೇಲೆ ಲೆಕ್ಕ ಮಾಡಿದರು. ಕಲಾಂ ಮನೆಮನೆಗೆ ಪೇಪರ್ ಹಾಕಿದರು. ಬಡತನ ಬರೀ ನೆಪ. ಮಕ್ಕಳಿಗೆ ತೋರಿಸಿ.

ಅಣ್ಣ, ಬೆಂಗಳೂರು: ನಿಜ. ಛಲ ಇದ್ದವರು ಹೇಗಾದರೂ ಮೇಲೆ ಬರ್ತಾರೆ.

ನಾನು: ಚಿಕ್ಕಪ್ಪ, ಸ್ಲೇಟಿನ ಮಾತು ನಿಜ. ಮುಂದಿನದ್ದನ್ನೂ ಹೇಳಬೇಕಲ್ವಾ? ಕಾಲೇಜಿನಲ್ಲಿ ಫೇಲಾಗಿ, ಸ್ಕಾಲರ್‌ಶಿಪ್ ಹೋಗಿ, ಅವರು ಕೆಲಸಕ್ಕಾಗಿ ಅಲೆದರು. 1912ರಲ್ಲಿ ಮದ್ರಾಸ್ ಬಂದರಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸ ಸಿಕ್ಕಿತು. 1913ರಲ್ಲಿ ಅವರ ಪತ್ರವನ್ನು ಕೇಂಬ್ರಿಡ್ಜ್‌ನ ಗಣಿತಜ್ಞ ಹಾರ್ಡಿ ಕೂತು ಓದಿದರು. ಆಮೇಲೆ ಮದ್ರಾಸ್ ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿ ಕೊಟ್ಟಿತು. ಆ ಪತ್ರ ಯಾರೂ ಓದದೆ ಹೋಗಿದ್ದರೆ ಇವತ್ತು ಈ ಫಾರ್ವರ್ಡ್ ಇರ್ತಿರಲಿಲ್ಲ.

ಅಣ್ಣ, ಬೆಂಗಳೂರು: ಅದು ಆ ಕಾಲ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ.

ನಾನು: ಹೋದ ವರ್ಷ ನಮ್ಮ ಶಾಲೆಯ ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ಜೊತೆ ಹತ್ತಿ ಬಿಡಿಸಲು ಹೋಗ್ತಿದ್ದಳು. ಸಂಜೆ ತೂಕ ಹಾಕುವಾಗ ಯಾರದು ಎಷ್ಟು ಕಿಲೋ, ಅಡ್ವಾನ್ಸಿನಲ್ಲಿ ಎಷ್ಟು ಮುರಿಯಬೇಕು, ಕೈಗೆ ಎಷ್ಟು, ಇಡೀ ಗುಂಪಿನ ಲೆಕ್ಕ ಬಾಯಲ್ಲೇ. ಮೇಸ್ತ್ರಿ ಮೊಬೈಲ್ ಒತ್ತಿ ನೋಡುವಷ್ಟರಲ್ಲಿ ಇವಳು ಮುಂದಿನವರ ಲೆಕ್ಕ ಮುಗಿಸಿರ್ತಿದ್ದಳು. ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಇರೋದೇ ಇಂಥ ಬಡ ಮಕ್ಕಳಿಗೆ, ಎಂಟನೇಯಲ್ಲಿ ಬರೀಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಪರೀಕ್ಷೆ ಬಂದದ್ದು ಹತ್ತಿ ಬಿಡಿಸುವ ಹೊತ್ತಿಗೇ. ಅವಳು ಬರೆಯಲಿಲ್ಲ. ಎಂಟನೇಯಲ್ಲಿ ತಪ್ಪಿದರೆ ತಪ್ಪಿತು. ಛಲ ಎಲ್ಲಿ ಕಡಿಮೆ ಆಯ್ತು, ಹೇಳಣ್ಣ?

ಅತ್ತೆ, ಕೊಪ್ಪಳ: ತಾಯಿಗೆ ಬುದ್ಧಿ ಬೇಡವಾ? ಒಂದು ದಿನ ಕಳಿಸಬಾರದಿತ್ತಾ?

ನಾನು: ಬುದ್ಧಿ ಇದೆ ಅತ್ತೆ. ಅದು ಪೂರ್ತಿ ಸಾಲದ ಚಿಂತೆಗೇ ಹೋಗ್ತಿದೆ. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಒಂದು ಅಧ್ಯಯನ ನಡೆದು 2013ರಲ್ಲಿ ಪ್ರಕಟವಾಯಿತು. ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ಯೋಚನಾಶಕ್ತಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಕಟಾವಾಗಿ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ಅದೇ ಜನ, ಅದೇ ತಲೆ.

ಚಿಕ್ಕಪ್ಪ, ಮಾನ್ವಿ: ಸರಿಯಮ್ಮ. ನಾನೇನು ಮಾಡಬೇಕು ಅಂತೀಯಾ?

ನಾನು: ಅವಳ ತಂಗಿ ಈ ವರ್ಷ ಎಂಟನೇ ತರಗತಿ. ಆ ಗುಂಪು ನಿಮ್ಮ ಹೊಲಕ್ಕೂ ಬರುತ್ತೆ ಚಿಕ್ಕಪ್ಪ. ಹುಡುಗಿಯನ್ನು ಕೂಲಿಗೆ ಸೇರಿಸಬೇಡಿ. ಪರೀಕ್ಷೆ ಮುಗಿಯೋವರೆಗೆ ತಾಯಿಯ ಅಡ್ವಾನ್ಸ್ ಮುರಿಯಬೇಡಿ.

ಚಿಕ್ಕಪ್ಪ, ಮಾನ್ವಿ: ಹುಡುಗಿಗೆ ಬರೋದು ಬೇಡ ಅಂತೀನಿ. ಅಡ್ವಾನ್ಸ್ ಮೇಸ್ತ್ರಿ ವಿಷಯ.

ನಾನು: ಮೇಸ್ತ್ರಿಗೆ ದುಡ್ಡು ಕೊಟ್ಟಿರೋದು ನೀವು. ಅದು ಮುರಿಯುತ್ತಾ ಹೋದರೆ ತಾಯಿ ಅವಳನ್ನು ಪಕ್ಕದ ಹೊಲಕ್ಕೆ ಕಳಿಸ್ತಾಳೆ ಅಷ್ಟೆ. ಭಾನುವಾರ ಬರ್ತೀನಿ, ಮೇಸ್ತ್ರಿಯನ್ನೂ ಕರೆಸಿ.