ಬೆಂಗಳೂರಿನಿಂದ ತರಿಸಿದ ಬಟ್ಟೆಗೆ ಬ್ರಿಟನ್ನಿನಲ್ಲಿ ಸುಂಕ ಮತ್ತು ವ್ಯಾಟ್: ಈ ಲೆಕ್ಕ ಸರಿಯಿದೆಯೇ?

ಪ್ರಶ್ನೆ (ರೆಡಿಂಗ್‌ನಿಂದ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಬಂಧುಗಳ ಮನೆಯಲ್ಲಿ ಗೃಹಪ್ರವೇಶವಿದೆ. ಅದಕ್ಕೆಂದು ಬೆಂಗಳೂರಿನ ಒಂದು ಅಂಗಡಿಯ ಜಾಲತಾಣದಿಂದ ನಮ್ಮ ಯಜಮಾನರಿಗೆ ಒಂದು ರೇಷ್ಮೆ ಜುಬ್ಬಾವನ್ನೂ ಏಳು ವರ್ಷದ ಮಗಳಿಗೆ ಹೊಲಿದು ಸಿದ್ಧವಾದ ರೇಷ್ಮೆ ಲಂಗ ಮತ್ತು ರವಿಕೆಯನ್ನೂ ತರಿಸಿದೆ. ಜುಬ್ಬಾಕ್ಕೆ 120 ಪೌಂಡ್, ಲಂಗ ರವಿಕೆಗೆ 60 ಪೌಂಡ್, ಸಾಗಣೆಗೆ 30 ಪೌಂಡ್, ಒಟ್ಟು 210 ಪೌಂಡನ್ನು ಆರ್ಡರ್ ಮಾಡುವಾಗಲೇ ಪಾವತಿಸಿದ್ದೆ. ಬಟ್ಟೆ ಈ ದೇಶ ತಲುಪಿದ ಮೇಲೆ ಕೊರಿಯರ್ ಕಂಪನಿಯಿಂದ ಇನ್ನೊಂದು ಬಿಲ್ಲು ಬಂದಿದೆ. ಅದರಲ್ಲಿ ಆಮದು ಸುಂಕ 25.20, ವ್ಯಾಟ್ 47.04 ಮತ್ತು ಅವರ ಸ್ವಂತ ಶುಲ್ಕ 12, ಹೀಗೆ 84.24 ಪೌಂಡ್ ಕಟ್ಟಿದರೆ ಮಾತ್ರ ಪಾರ್ಸೆಲ್ ಬಿಡುವುದಾಗಿ ತಿಳಿಸಿದ್ದಾರೆ.

ಕಟ್ಟಬೇಕಾದ ತೆರಿಗೆಯನ್ನು ಕಟ್ಟಲು ನನಗೆ ಯಾವ ಅಭ್ಯಂತರವೂ ಇಲ್ಲ, ಆದರೆ ಲೆಕ್ಕ ಸರಿಯಾಗಿದೆಯೇ ಎಂಬುದನ್ನು ತಿಳಿದುಕೊಂಡೇ ಕಟ್ಟಬೇಕೆಂದಿದ್ದೇನೆ. ಅಂಗಡಿಯವರನ್ನು ಕೇಳಿದಾಗ ಅವರು, ಮುಂದಿನ ಸಲ ಪೊಟ್ಟಣದ ಮೇಲೆ ಉಡುಗೊರೆ ಎಂದು ಬರೆದು ಬೆಲೆಯನ್ನೂ ಕಡಿಮೆ ತೋರಿಸುತ್ತೇವೆ, ಆಗ ಈ ತೊಂದರೆ ಇರುವುದಿಲ್ಲ ಎಂದರು. ಅದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರುತ್ತೇನೆ.

ಉತ್ತರ (ಲೆಸ್ಟರ್‌ನಿಂದ)

ನಮಸ್ಕಾರ ಮೇಡಂ. ಆಮದು ಸರಕಿನ ದಾಖಲೆಗಳನ್ನು ಸಿದ್ಧಪಡಿಸುವ ಕಚೇರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬಲ್ಲೆ. ನಿಮ್ಮ ಬಿಲ್ಲಿನಲ್ಲಿರುವ ಮೂರು ಮೊತ್ತಗಳು ಮೂರು ಬೇರೆ ಬೇರೆ ಸಂಗತಿಗಳು. ಅವುಗಳಲ್ಲಿ ಒಂದು ಸರಿಯಾಗಿದೆ, ಒಂದು ನಿಮ್ಮ ವಿಷಯದಲ್ಲಿ ಹೆಚ್ಚಾಗಿದೆ, ಮೂರನೆಯದು ತೆರಿಗೆಯೇ ಅಲ್ಲ.

ಮೊದಲು ಸುಂಕ. ಒಂದು ಪಾರ್ಸೆಲ್ಲಿನಲ್ಲಿರುವ ವಸ್ತುಗಳ ಬೆಲೆ, ಸಾಗಣೆಯ ವೆಚ್ಚವನ್ನು ಬಿಟ್ಟು, 135 ಪೌಂಡನ್ನು ಮೀರಿದರೆ ಮಾತ್ರ ಆಮದು ಸುಂಕ ಬೀಳುತ್ತದೆ. ನಿಮ್ಮದು 180 ಪೌಂಡ್ ಆದ್ದರಿಂದ ಮಿತಿ ದಾಟಿದೆ. ಮಿತಿ ದಾಟಿತೋ ಇಲ್ಲವೋ ಎಂದು ನೋಡುವಾಗ ಬಿಟ್ಟ ಸಾಗಣೆಯ ವೆಚ್ಚವನ್ನು ಸುಂಕ ಲೆಕ್ಕ ಹಾಕುವಾಗ ಸೇರಿಸಿಕೊಳ್ಳುತ್ತಾರೆ. ಬಹಳ ಜನ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಹೊಲಿದ ಉಡುಪುಗಳಿಗೆ ಇಲ್ಲಿನ ಸಾಮಾನ್ಯ ದರ ಶೇ 12. ಸರಕು ಇಂಥ ದೇಶದಲ್ಲಿ ತಯಾರಾದದ್ದು ಎಂಬ ದಾಖಲೆಯೊಂದಿಗೆ ರಿಯಾಯಿತಿ ದರವನ್ನು ಕೇಳದೆ ಇದ್ದಾಗ ಈ ದರವೇ ಅನ್ವಯಿಸುತ್ತದೆ, ಸಣ್ಣ ಅಂಗಡಿಗಳು ಅಂಥ ದಾಖಲೆಯನ್ನು ಸಾಮಾನ್ಯವಾಗಿ ಕಳುಹಿಸುವುದಿಲ್ಲ. 210ಕ್ಕೆ ಶೇ 12 ಎಂದರೆ 25.20 ಪೌಂಡ್. ಈ ಮೊತ್ತ ಸರಿಯಾಗಿದೆ.

ಇನ್ನು ವ್ಯಾಟ್. ಇದನ್ನು ವಸ್ತುವಿನ ಬೆಲೆ, ಸಾಗಣೆ ಮತ್ತು ಸುಂಕ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಅಂದರೆ ಸುಂಕದ ಮೇಲೂ ತೆರಿಗೆ ಬೀಳುತ್ತದೆ. ಅನ್ಯಾಯವೆನ್ನಿಸಬಹುದು, ಆದರೆ ನಿಯಮ ಇರುವುದೇ ಹಾಗೆ. 210 ಮತ್ತು 25.20 ಕೂಡಿದರೆ 235.20, ಅದರ ಶೇ 20 ಎಂದರೆ 47.04. ಕೊರಿಯರ್‌ನವರು ಮಾಡಿರುವುದು ಈ ಲೆಕ್ಕವನ್ನೇ. ಆದರೆ ಅವರು ಒಂದು ಮುಖ್ಯ ಅಂಶವನ್ನು ಬಿಟ್ಟಿದ್ದಾರೆ: ಈ ದೇಶದಲ್ಲಿ ಚಿಕ್ಕ ಮಕ್ಕಳ ಉಡುಪಿಗೆ ವ್ಯಾಟ್ ದರ ಸೊನ್ನೆ. ಇಲ್ಲಿನ ಅಂಗಡಿಯಲ್ಲಿ ಕೊಂಡರೆ ಯಾವ ದರವೋ ಹೊರದೇಶದಿಂದ ತರಿಸಿದರೂ ಅದೇ ದರ. ಏಳು ವರ್ಷದ ಮಗುವಿನ ಅಳತೆಗೆ ಹೊಲಿದ ಲಂಗ ರವಿಕೆಗೆ ಸುಂಕ ಇರುತ್ತದೆ, ವ್ಯಾಟ್ ಇರುವುದಿಲ್ಲ.

ಆದ್ದರಿಂದ ನಿಮ್ಮ ಲೆಕ್ಕವನ್ನು ಎರಡಾಗಿ ಬಿಡಿಸಬೇಕು. ಸಾಗಣೆಯ 30 ಪೌಂಡನ್ನು ಬೆಲೆಗೆ ಅನುಗುಣವಾಗಿ ಹಂಚಿದರೆ ಜುಬ್ಬಾದ ಪಾಲು 20, ಲಂಗದ ಪಾಲು 10. ಜುಬ್ಬಾದ 140 ಪೌಂಡಿಗೆ ಸುಂಕ 16.80 ಸೇರಿ 156.80 ಆಗುತ್ತದೆ, ಅದಕ್ಕೆ ವ್ಯಾಟ್ 31.36. ನೀವು ಕಟ್ಟಬೇಕಾದ ವ್ಯಾಟ್ ಇಷ್ಟೇ. ನಿಮ್ಮಿಂದ ಹೆಚ್ಚಾಗಿ ಕೇಳಿರುವುದು 15.68 ಪೌಂಡ್.

ಮೂರನೆಯದಾದ 12 ಪೌಂಡ್, ನಿಮ್ಮ ಪರವಾಗಿ ಸರ್ಕಾರಕ್ಕೆ ಮೊದಲೇ ಹಣ ಕಟ್ಟಿ ದಾಖಲೆ ಸಲ್ಲಿಸಿದ್ದಕ್ಕೆ ಆ ಕಂಪನಿ ತೆಗೆದುಕೊಳ್ಳುವ ಶುಲ್ಕ. ಅಂಚೆಯಲ್ಲಿ ಬಂದಿದ್ದರೆ ರಾಯಲ್ ಮೇಲ್‌ನವರೂ ಇಂಥದೇ ಒಂದು ಶುಲ್ಕವನ್ನು ಕೇಳುತ್ತಿದ್ದರು. ಇದಕ್ಕೂ ಇಲ್ಲಿನ ಸರ್ಕಾರದ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೂ ಸಂಬಂಧವಿಲ್ಲ. ತೆರಿಗೆ ಮರಳಿ ಬಂದರೂ ಈ ಶುಲ್ಕವನ್ನು ಕಂಪನಿಯವರು ಸಾಮಾನ್ಯವಾಗಿ ಮರಳಿಸುವುದಿಲ್ಲ.

ನನ್ನ ಸಲಹೆ ಇಷ್ಟು. ಮೊದಲು ಕೊರಿಯರ್‌ನವರಿಗೆ ಬರೆದು ಬಿಲ್ಲನ್ನು ತಿದ್ದಿಕೊಡುವಂತೆ ಕೇಳಿ. ಅವರು ಒಪ್ಪದಿದ್ದರೆ ಹಠ ಹಿಡಿದು ಪಾರ್ಸೆಲ್ಲನ್ನು ಅಲ್ಲೇ ಬಿಡಬೇಡಿ, ಏಕೆಂದರೆ ಗಡುವು ಮೀರಿದರೆ ಅದು ಬೆಂಗಳೂರಿಗೆ ವಾಪಸಾಗುತ್ತದೆ. ಹಣ ಕಟ್ಟಿ ಬಿಡಿಸಿಕೊಂಡು, ಅನಂತರ ಎಚ್‌ಎಂಆರ್‌ಸಿಯ ಸಿ285 ಅರ್ಜಿಯ ಮೂಲಕ ಹೆಚ್ಚುವರಿ ಮೊತ್ತವನ್ನು ಮರಳಿ ಕೇಳಿ. ಅಂಚೆಯಲ್ಲಿ ಬಂದ ಪಾರ್ಸೆಲ್ಲಿಗಾದರೆ ಅರ್ಜಿ ಬೇರೆ, ಅದರ ಹೆಸರು ಬಿಒಆರ್286. ಪೊಟ್ಟಣದ ಮೇಲಿನ ಚೀಟಿ, ಅಂಗಡಿಯ ಬಿಲ್ಲು ಮತ್ತು ಹಣ ಕಟ್ಟಿದ ರಸೀದಿ ಈ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ಉತ್ತರ (ಮಿಲ್ಟನ್ ಕೀನ್ಸ್‌ನಿಂದ)

ಲೆಕ್ಕದ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನನ್ನದೇನೂ ಸೇರ್ಪಡೆಯಿಲ್ಲ. ಅಂಗಡಿಯವರ ಸಲಹೆಯ ಬಗ್ಗೆ ಮಾತ್ರ ಹೇಳಲೇಬೇಕಾದ ಮಾತಿದೆ. ನಿಮ್ಮ ಮನಸ್ಸಿಗೆ ಒಗ್ಗದೆ ಇದ್ದದ್ದು ಸರಿಯೇ ಆಗಿದೆ.

ಉಡುಗೊರೆ ಎಂಬುದಕ್ಕೆ ಇಲ್ಲಿ ಕಾನೂನಿನ ಅರ್ಥವಿದೆ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ, ಹುಟ್ಟುಹಬ್ಬ, ಹಬ್ಬ ಮೊದಲಾದ ಸಂದರ್ಭಕ್ಕಾಗಿ, ಸ್ವಂತ ಬಳಕೆಗೆಂದು ಕಳುಹಿಸಿದ್ದು ಮಾತ್ರ ಉಡುಗೊರೆ. ನೀವು ದುಡ್ಡು ಕೊಟ್ಟು ಕೊಂಡದ್ದನ್ನು ಅಂಗಡಿ ಕಳುಹಿಸಿದರೆ, ಚೀಟಿಯಲ್ಲಿ ಏನೇ ಬರೆದಿರಲಿ, ಅದು ವ್ಯಾಪಾರ. ಸುಳ್ಳು ಘೋಷಣೆ ಗೊತ್ತಾದರೆ ವಸ್ತುವನ್ನು ಜಪ್ತಿ ಮಾಡುವ ಅಧಿಕಾರ ಕಸ್ಟಮ್ಸ್ ಅಧಿಕಾರಿಗಳಿಗಿದೆ. ಜಪ್ತಿಯಾದರೆ ವಸ್ತು ಕಳೆದುಕೊಳ್ಳುವವರು ನೀವು, ಬೆಂಗಳೂರಿನಲ್ಲಿರುವ ಅಂಗಡಿಯವರಲ್ಲ. ಅಲ್ಲದೆ 120 ಪೌಂಡಿನ ಜುಬ್ಬಾಕ್ಕೆ 20 ಎಂದು ಬರೆಸಿ, ಅದು ದಾರಿಯಲ್ಲಿ ಕಳೆದುಹೋದರೆ, ಪರಿಹಾರ ಕೇಳುವಾಗ ಆ 20 ಪೌಂಡೇ ನಿಮ್ಮೆದುರು ಬಂದು ನಿಲ್ಲುತ್ತದೆ.

ಆರ್ಡರ್ ಅನ್ನು ಎರಡು ಪಾರ್ಸೆಲ್ಲುಗಳಾಗಿ ಒಡೆದರೆ ತೆರಿಗೆ ತಪ್ಪುತ್ತದೆ ಎಂದು ಕೆಲವರು ಹೇಳುವುದುಂಟು. ವ್ಯಾಟ್ ತಪ್ಪುವುದಿಲ್ಲ. 2021ರ ಜನವರಿ 1ರಿಂದ 135 ಪೌಂಡಿನವರೆಗಿನ ಸರಕಿನ ಮೇಲೆ ಮಾರುವವರೇ, ಹಲವರ ಸರಕು ಮಾರುವ ಜಾಲತಾಣವಾದರೆ ಆ ತಾಣವೇ, ಮಾರುವ ಹೊತ್ತಿನಲ್ಲಿ ವ್ಯಾಟ್ ವಸೂಲು ಮಾಡಬೇಕೆಂಬ ನಿಯಮವಿದೆ. ಕೆಲವು ತಾಣಗಳಿಂದ ತರಿಸಿದಾಗ ಬಾಗಿಲಲ್ಲಿ ಬಿಲ್ಲು ಬರದಿರುವುದಕ್ಕೆ ಕಾರಣ ತೆರಿಗೆ ಇಲ್ಲದಿರುವುದಲ್ಲ, ಅದನ್ನು ಮೊದಲೇ ಕೊಟ್ಟಿರುವುದು. 135 ಪೌಂಡಿನ ಈ ಸುಂಕ ವಿನಾಯಿತಿಯನ್ನೂ ತಡವೆಂದರೆ 2029ರ ಮಾರ್ಚ್ ವೇಳೆಗೆ ತೆಗೆದುಹಾಕುವುದಾಗಿ ಇಲ್ಲಿನ ಸರ್ಕಾರ 2025ರ ನವೆಂಬರ್ ಬಜೆಟ್ಟಿನಲ್ಲಿ ಪ್ರಕಟಿಸಿದೆ.

ಪ್ರಶ್ನೆ ಕೇಳಿದವರು (ರೆಡಿಂಗ್‌ನಿಂದ)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ಧಾರವಾಡದಲ್ಲಿರುವ ನಮ್ಮ ತಾಯಿ ದೀಪಾವಳಿಗೆಂದು ಅಂಚೆಯಲ್ಲಿ ಒಂದು ಪಾರ್ಸೆಲ್ ಕಳುಹಿಸಬೇಕೆಂದಿದ್ದಾರೆ: ನನಗೆ ಒಂದು ಇಳಕಲ್ ಸೀರೆ, ಅಳಿಯನಿಗೆ ಒಂದು ಪಂಚೆ, ಮೊಮ್ಮಗಳಿಗೆ ಚನ್ನಪಟ್ಟಣದ ಗೊಂಬೆ ಮತ್ತು ಕನ್ನಡ ಕಥೆಪುಸ್ತಕಗಳು, ಜೊತೆಗೆ ಒಂದು ಡಬ್ಬಿ ಪೇಡೆ. ಇದು ನಿಜವಾದ ಉಡುಗೊರೆಯೇ ಅಲ್ಲವೇ? ಇದಕ್ಕೂ ತೆರಿಗೆ ಬೀಳುತ್ತದೆಯೇ?

ಉತ್ತರ (ಲೆಸ್ಟರ್‌ನಿಂದ)

ಇದು ನಿಜವಾದ ಉಡುಗೊರೆಯೇ. 39 ಪೌಂಡಿನವರೆಗಿನ ಉಡುಗೊರೆಗೆ ಸುಂಕವೂ ಇಲ್ಲ, ವ್ಯಾಟೂ ಇಲ್ಲ. ಒಂದೇ ಪೆಟ್ಟಿಗೆಯಲ್ಲಿ ಮನೆಯ ಮೂವರಿಗೂ ಉಡುಗೊರೆಗಳಿದ್ದರೆ ಈ ಮಿತಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಸಿಗುತ್ತದೆ. ಆದರೆ ಪ್ರತಿಯೊಬ್ಬರದನ್ನೂ ಪ್ರತ್ಯೇಕವಾಗಿ ಸುತ್ತಿ, ಮೇಲೆ ಅವರವರ ಹೆಸರು ಬರೆದು, ಅಂಚೆ ಕಚೇರಿಯಲ್ಲಿ ತುಂಬುವ ಕಸ್ಟಮ್ಸ್ ಘೋಷಣಾ ಚೀಟಿಯಲ್ಲೂ ಬೇರೆ ಬೇರೆಯಾಗಿ ನಮೂದಿಸಿರಬೇಕು. ಅಮ್ಮನವರಿಗೆ ಇದನ್ನು ಮರೆಯದೆ ಹೇಳಿ. ಎಲ್ಲವನ್ನೂ ಸೇರಿಸಿ ‘ಮನೆ ಸಾಮಾನು’ ಎಂದು ಒಂದೇ ಸಾಲಿನಲ್ಲಿ ಬರೆದರೆ ಈ ಅನುಕೂಲ ಕೈತಪ್ಪುತ್ತದೆ.

ಸೀರೆಯ ಬೆಲೆ 39 ಪೌಂಡನ್ನು ಮೀರಿದರೆ ಮೀರಿದಷ್ಟಕ್ಕೆ ಮಾತ್ರವಲ್ಲ, ಸೀರೆಯ ಪೂರ್ತಿ ಬೆಲೆಗೆ ವ್ಯಾಟ್ ಬೀಳುತ್ತದೆ. ಸುಂಕವಂತೂ ಉಡುಗೊರೆಗೂ 135 ಪೌಂಡ್ ದಾಟಿದ ಮೇಲೆಯೇ. ಅಚ್ಚಾದ ಪುಸ್ತಕಗಳಿಗೆ ಇಲ್ಲಿ ವ್ಯಾಟ್ ದರ ಸೊನ್ನೆ, ಆದ್ದರಿಂದ ಕಥೆಪುಸ್ತಕಗಳನ್ನು ಧಾರಾಳವಾಗಿ ಕಳುಹಿಸಬಹುದು.

ಪೇಡೆಯನ್ನು ಮಾತ್ರ ಕಳುಹಿಸಬಾರದು. ಅದು ತೆರಿಗೆಯ ಪ್ರಶ್ನೆಯಲ್ಲ. ಭಾರತದಿಂದ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಖಾಸಗಿಯಾಗಿ ಇಲ್ಲಿಗೆ ತರಲು, ಕಳುಹಿಸಲು ಅನುಮತಿಯಿಲ್ಲ. ತುಪ್ಪಕ್ಕೂ ಇದೇ ಮಾತು. ಹಬ್ಬದ ಹೊತ್ತಿಗೆ ಇಂಥದನ್ನು ಹೇಳಬೇಕಾಗಿ ಬಂದದ್ದಕ್ಕೆ ನನಗೂ ಬೇಸರವಿದೆ.

ಪ್ರಶ್ನೆ ಕೇಳಿದವರು (ರೆಡಿಂಗ್‌ನಿಂದ)

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಕೊರಿಯರ್‌ನವರು ಬಿಲ್ಲು ತಿದ್ದಲು ಒಪ್ಪಲಿಲ್ಲವಾದ್ದರಿಂದ ಪೂರ್ತಿ ಹಣ ಕಟ್ಟಿ ಪಾರ್ಸೆಲ್ ಬಿಡಿಸಿಕೊಂಡೆ. ತೆರೆದು ನೋಡಿದಾಗ ತಪ್ಪು ಎಲ್ಲಿ ಆಯಿತೆಂಬುದು ತಿಳಿಯಿತು: ಒಳಗಿದ್ದ ಬಿಲ್ಲಿನಲ್ಲಿ ಅಂಗಡಿಯವರು ‘ರೇಷ್ಮೆ ಉಡುಪು, 2’ ಎಂದಷ್ಟೇ ಬರೆದಿದ್ದರು. ಅವುಗಳಲ್ಲಿ ಒಂದು ಮಗುವಿನದೆಂದು ಅದನ್ನು ಓದಿದ ಯಾರಿಗೂ ತಿಳಿಯುವಂತಿರಲಿಲ್ಲ. ಅಂಗಡಿಗೆ ಬರೆದು, ವಯಸ್ಸು ಮತ್ತು ಅಳತೆಯೊಂದಿಗೆ ಎರಡು ಉಡುಪುಗಳನ್ನೂ ಪ್ರತ್ಯೇಕವಾಗಿ ತೋರಿಸಿದ ಬಿಲ್ಲನ್ನು ತರಿಸಿಕೊಂಡು, ಲಂಗದ ಅಳತೆಪಟ್ಟಿಯ ಚಿತ್ರವನ್ನೂ ಜೊತೆಗಿರಿಸಿ, 15.68 ಪೌಂಡಿಗೆ ನಿನ್ನೆ ಅರ್ಜಿ ಸಲ್ಲಿಸಿದ್ದೇನೆ. ಮುಂದೆ ನನಗೆ ಏನನ್ನೇ ಕಳುಹಿಸಿದರೂ ನಿಜವಾದ ಬೆಲೆಯನ್ನೂ ಪೂರ್ಣ ವಿವರವನ್ನೂ ಬರೆಯಬೇಕೆಂದು ಅಂಗಡಿಯವರನ್ನು ಕೇಳಿಕೊಂಡೆ, ಅವರು ಒಪ್ಪಿದ್ದಾರೆ. ಪೇಡೆ ಬೇಡವೆಂಬುದನ್ನು ಇಂದು ಸಂಜೆ ಅಮ್ಮನಿಗೆ ಫೋನ್ ಮಾಡಿ ತಿಳಿಸುತ್ತೇನೆ.